ಎಲೆ ಮೇಲಿನ ಮೊಟ್ಟೆ, ಅಪ್ಪ ಅಮ್ಮನ ಬಾಯಿ: ಏಂಜೆಲ್ ಮೀನಿನ ಬಾಣಂತನ

ಜರ್ಮನಿಯ ಮ್ಯೂನಿಕ್‌ನಿಂದ ನಾವು ಮಾತಾಡ್ತಿದ್ದೇವೆ.

ಇವತ್ತಿನ ವಿಷಯವನ್ನು ಆರಿಸಿಕೊಟ್ಟವರು ಕೇಳುಗರೇ. ಮೀನು ಸಾಕುವ ಕನ್ನಡಿಗರು ಇಷ್ಟೊಂದು ಜನ ಇದ್ದಾರೆ ಅಂತ ನಮಗೆ ಗೊತ್ತಿರಲಿಲ್ಲ. ಮೈಸೂರಿನಿಂದ ಒಬ್ಬರು, ನ್ಯೂಜೆರ್ಸಿಯಿಂದ ಒಬ್ಬರು, ಮಸ್ಕತ್‌ನಿಂದ ಮತ್ತೊಬ್ಬರು ಬರೆದದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ನಮ್ಮ ಮನೆಯ ಏಂಜೆಲ್ ಮೀನು ಎಲೆ ಮೇಲೆ ಮೊಟ್ಟೆ ಇಡುತ್ತೆ. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತೆ. ಮೂರನೇ ದಿನ ನೋಡಿದರೆ ಒಂದೂ ಇಲ್ಲ, ತಾವೇ ತಿಂದಿರುತ್ತವೆ. ಯಾಕೆ ಹೀಗೆ? ಮೊಟ್ಟೆ ತೆಗೆದು ಬೇರೆ ಇಡಬೇಕಾ, ಅಥವಾ ಹಾಗೇ ಬಿಡಬೇಕಾ?"

ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಉತ್ತರ ಹುಡುಕಿಕೊಂಡು ಹೊರಟರೆ ಅಮೆಜಾನ್ ನದಿಗೆ ಹೋಗಬೇಕು, ಫಿಲ್ಟರ್‌ನೊಳಗಿನ ಸೂಕ್ಷ್ಮಜೀವಿಗಳನ್ನು ಮಾತಾಡಿಸಬೇಕು, ನಮ್ಮ ಊರಿನ ನಾಟಿ ಕೋಳಿಯನ್ನೂ ನೆನೆಸಿಕೊಳ್ಳಬೇಕು. ಕೊನೆಗೆ ನೇತ್ರಾವತಿಗೂ ಬರುತ್ತೇವೆ. ಬನ್ನಿ.

ರೆಕ್ಕೆ ಇರೋ ಎಲೆ

ಏಂಜೆಲ್ ಮೀನಿನ ಕುಲದ ಹೆಸರು ಟೆರೋಫಿಲಮ್. ಗ್ರೀಕ್‌ನಲ್ಲಿ ಟೆರಾನ್ ಅಂದರೆ ರೆಕ್ಕೆ, ಫಿಲಾನ್ ಅಂದರೆ ಎಲೆ. ಒಂದು ಅರಳಿ ಎಲೆಯನ್ನು ನೀರಲ್ಲಿ ನೇರ ನಿಲ್ಲಿಸಿ, ಮೇಲೆ ಕೆಳಗೆ ಉದ್ದ ರೆಕ್ಕೆ ಅಂಟಿಸಿದರೆ ಹೇಗಿರುತ್ತೋ ಹಾಗೇ ಇದೆ ಇದು. ಬ್ರೆಜಿಲ್‌ನವರು ಇದನ್ನು ಅಕಾರಾ-ಬಂದೇಯ್ರಾ ಅಂತಾರೆ, ಅಂದರೆ ಬಾವುಟದ ಮೀನು. ಅದೂ ಸರಿಯಾದ ಹೆಸರೇ.

ಈ ಕುಲದಲ್ಲಿ ವಿಜ್ಞಾನ ಗುರುತಿಸಿರೋದು ಮೂರು ಪ್ರಭೇದ. 1823ರಲ್ಲಿ ವಿವರಿಸಲಾದ ಸ್ಕಲಾರೆ, 1903ರಲ್ಲಿ ಪೆಲ್ಲೆಗ್ರಿನ್ ವಿವರಿಸಿದ ಆಲ್ಟಮ್, 1963ರಲ್ಲಿ ವಿವರಣೆ ಪಡೆದ ಲಿಯೊಪೋಲ್ಡಿ. ಮೂರನೆಯದಕ್ಕೆ ಬೆಲ್ಜಿಯಂನ ರಾಜ ಮೂರನೇ ಲಿಯೊಪೋಲ್ಡ್‌ನ ಹೆಸರಿದೆ. ಅಂಗಡಿಯಲ್ಲಿ ಸಿಗುವ ಬಿಳಿ, ಕಪ್ಪು, ಚಿನ್ನದ ಬಣ್ಣ, ಅಮೃತಶಿಲೆಯಂಥ ಚುಕ್ಕೆ, ಉದ್ದ ರೆಕ್ಕೆ, ಇವೆಲ್ಲ ಬಹುಪಾಲು ಸ್ಕಲಾರೆಯಿಂದ ತಲೆಮಾರುಗಟ್ಟಲೆ ಸಾಕಣೆಯಲ್ಲಿ ಬಂದ ತಳಿಗಳು. ಚೆನ್ನೈನ ಕೊಳತ್ತೂರಿನಲ್ಲಿ ಮನೆಮನೆಯ ಸಿಮೆಂಟ್ ತೊಟ್ಟಿಗಳಲ್ಲಿ ಅಲಂಕಾರಿಕ ಮೀನು ಸಾಕುವ ದೊಡ್ಡ ಕಸುಬೇ ಇದೆಯಲ್ಲ, ಬೆಂಗಳೂರಿನ ಅಂಗಡಿಗಳಿಗೂ ಅಲ್ಲಿಂದ ಮೀನು ಬರುತ್ತೆ. ಅಂದರೆ ನಿಮ್ಮ ಮನೆಯ ಏಂಜೆಲ್ ಅಮೆಜಾನ್ ನೋಡಿಲ್ಲ, ಅದರ ಮುತ್ತಜ್ಜಿಯೂ ನೋಡಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಚಪ್ಪಟೆ ಆಕಾರ ಸುಮ್ಮನೆ ಬಂದದ್ದಲ್ಲ. ಅಮೆಜಾನ್ ಬಯಲಿನ ನಿಧಾನ ಹರಿವಿನ ನೀರಲ್ಲಿ, ಮುಳುಗಿದ ಬೇರು, ಕೊಂಬೆ, ಜೊಂಡಿನ ನಡುವೆ ನುಸುಳೋಕೆ ಅಗಲ ಕಡಿಮೆ ಇರಬೇಕು. ಮೈಮೇಲಿನ ಕಪ್ಪು ಲಂಬ ಪಟ್ಟೆಗಳು ಬೇರಿನ ನೆರಳಿನ ಜೊತೆ ಬೆರೆತುಹೋಗುತ್ತವೆ. ಹೆದರಿದಾಗ, ಜಗಳವಾಡುವಾಗ ಪಟ್ಟೆ ಗಾಢವಾಗುತ್ತೆ, ಇಲ್ಲವೇ ಮಾಸುತ್ತೆ. ಇನ್ನೊಂದು ವಿಷಯ: ದೇವದೂತ ಅಂತ ಹೆಸರಿದ್ದರೂ ಇದು ಬೇಟೆಗಾರ. ಬಾಯಿಗೆ ಹಿಡಿಸುವ ಸಣ್ಣ ಮೀನನ್ನು ಸದ್ದಿಲ್ಲದೆ ನುಂಗುತ್ತೆ. ನಿಯಾನ್ ಟೆಟ್ರಾ ಜೊತೆಗೆ ಬೆಳೆದ ಏಂಜೆಲ್ ಹಾಕಿ, ದಿನಕ್ಕೊಂದು ನಿಯಾನ್ ಕಾಣೆಯಾದರೆ ಆಶ್ಚರ್ಯಪಡಬೇಡಿ.

ಕಪ್ಪು ನೀರು, ಬಾದಾಮಿ ಎಲೆ

ರಿಯೊ ನೆಗ್ರೊ ಅಂದರೆ ಕಪ್ಪು ನದಿ. ಮನಾಸ್ ನಗರದ ಹತ್ತಿರ ಇದು ಕೆಸರು ಬಣ್ಣದ ಸೊಲಿಮೋಯ್ಸ್ ನದಿಯನ್ನು ಸೇರುವಾಗ ಎರಡು ಬಣ್ಣದ ನೀರು ಬೆರೆಯದೆ ಕಿಲೋಮೀಟರ್‌ಗಟ್ಟಲೆ ಪಕ್ಕಪಕ್ಕ ಹರಿಯುತ್ತೆ. ನೆಗ್ರೊದ ನೀರು ಕೊಳೆಯಲ್ಲ. ಕಾಡಿನ ಎಲೆ, ತೊಗಟೆ ಕೊಳೆತು ಬಿಟ್ಟ ಟ್ಯಾನಿನ್ ಮತ್ತು ಹ್ಯೂಮಿಕ್ ಪದಾರ್ಥಗಳಿಂದ ಹಾಲಿಲ್ಲದ ಚಹಾದ ಬಣ್ಣ ಬಂದಿದೆ. ಖನಿಜ ಬಹಳ ಕಡಿಮೆ, ನೀರು ಆಮ್ಲೀಯ. ಆಲ್ಟಮ್ ಇಂಥ ನೀರಿನ ಮೀನು. ಸ್ಕಲಾರೆ ಸ್ವಲ್ಪ ಉದಾರಿ, ಬೇರೆ ಬೇರೆ ಬಗೆಯ ನೀರಲ್ಲಿ ಬದುಕುತ್ತೆ. ಹಾಗಾಗಿಯೇ ಅದು ಮನೆಮನೆಗೆ ಬಂತು.

ಈಗ ನಿಮ್ಮ ನಲ್ಲಿ ನೀರಿನ ಕಡೆ ನೋಡಿ. ಮ್ಯೂನಿಕ್‌ಗೆ ಆಲ್ಪ್ಸ್ ತಪ್ಪಲಿನ ಸುಣ್ಣಕಲ್ಲಿನ ಪ್ರದೇಶದಿಂದ ನೀರು ಬರುತ್ತೆ, ಕುಡಿಯೋಕೆ ಅಮೃತ, ಆದರೆ ಗಡಸು. ಕೆಟಲ್ ತಳದಲ್ಲಿ ವಾರದಲ್ಲೇ ಬಿಳಿ ಪೊರೆ. ಲಂಡನ್‌ನಲ್ಲಿರೋರಿಗೂ ಇದೇ ಕಥೆ. ಬೆಂಗಳೂರಲ್ಲಿ ಕಾವೇರಿ ನೀರು ಬೇರೆ, ಬೋರ್‌ವೆಲ್ ನೀರು ಬೇರೆ. ಸಿಂಗಪುರ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ತಾಪತ್ರಯ: ನೀರಲ್ಲಿ ಕ್ಲೋರಮೈನ್ ಇರುತ್ತೆ. ಕ್ಲೋರಿನ್ ಆದರೆ ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟರೆ ಹಾರಿಹೋಗುತ್ತೆ, ಕ್ಲೋರಮೈನ್ ಹಾಗೆ ಹೋಗಲ್ಲ. ಅದಕ್ಕೆ ವಾಟರ್ ಕಂಡೀಷನರ್ ಹಾಕಲೇಬೇಕು.

ಬಹಳ ಜನ ಕೇಳ್ತಾರೆ, ಬಾದಾಮಿ ಎಲೆ ಹಾಕಿದರೆ ಸಾಕಾ ಅಂತ. ನಮ್ಮ ಕರಾವಳಿಯಲ್ಲಿ ಶಾಲೆ ಅಂಗಳದಲ್ಲೆಲ್ಲ ಇರುತ್ತಲ್ಲ ಕಾಡುಬಾದಾಮಿ ಮರ, ಕೆಂಪಾಗಿ ಉದುರೋ ದೊಡ್ಡ ಎಲೆ, ಅದೇ. ಊರಲ್ಲಿ ಗುಡಿಸಿ ಬೆಂಕಿ ಹಾಕೋ ಎಲೆಯನ್ನ ಇಲ್ಲಿ ಹತ್ತರ ಪ್ಯಾಕೆಟ್ ಮಾಡಿ ಯೂರೋಗಳಲ್ಲಿ ಮಾರುತ್ತಾರೆ! ಈ ಎಲೆ ಟ್ಯಾನಿನ್ ಬಿಡುತ್ತೆ, ನೀರಿಗೆ ಚಹಾದ ಬಣ್ಣ ಕೊಡುತ್ತೆ, ಬೂಷ್ಟು ಬೆಳೆಯೋದನ್ನು ಒಂದಿಷ್ಟು ತಡೆಯುತ್ತೆ. ಆದರೆ ಗಡಸು ನೀರಲ್ಲಿ ಕಾರ್ಬೊನೇಟ್ ಜಾಸ್ತಿ ಇರೋದರಿಂದ ಎಲೆ ಬಿಟ್ಟ ಆಮ್ಲವನ್ನು ಅದು ಅಲ್ಲೇ ತಟಸ್ಥ ಮಾಡಿಬಿಡುತ್ತೆ. ಬಣ್ಣ ಬದಲಾಗುತ್ತೆ, ಪಿಎಚ್ ಕದಲಲ್ಲ. ನಿಜಕ್ಕೂ ಮೆದು ನೀರು ಬೇಕಂದರೆ ಆರ್‌ಒ ನೀರನ್ನೋ, ಸ್ವಚ್ಛ ಮಳೆನೀರನ್ನೋ ನಲ್ಲಿ ನೀರಿಗೆ ಬೆರೆಸಬೇಕು. ಅದೂ ದಿಢೀರನೆ ಅಲ್ಲ, ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ.

ಸುಮ್ಮನೆ ಸಾಕೋದಕ್ಕಾದರೆ ಇಷ್ಟೆಲ್ಲ ಬೇಕಿಲ್ಲ. ಸಾಕಣೆಯ ತಳಿಗೆ ಪಿಎಚ್ 6.5ರಿಂದ 7.5, ಉಷ್ಣತೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಸಾಕು. ಮೀನಿಗೆ ಪುಸ್ತಕದ ಸಂಖ್ಯೆಗಿಂತ ಮುಖ್ಯ, ಆ ಸಂಖ್ಯೆ ದಿನಕ್ಕೊಂದು ತರ ಆಗದಿರೋದು.

ತೊಟ್ಟಿ ಅಂದರೆ ಒಂದು ಸಣ್ಣ ಕೆರೆ

ನೈಸರ್ಗಿಕ ಶೈಲಿಯ ಅಕ್ವೇರಿಯಂ ಅಂದಾಗ ಎರಡು ಹೆಸರು ಹೇಳಲೇಬೇಕು. ಒಬ್ಬರು ಜಪಾನಿನ ತಕಾಶಿ ಅಮಾನೊ, 1954ರಿಂದ 2015ರವರೆಗೆ ಬದುಕಿದ ಛಾಯಾಗ್ರಾಹಕ. ಗಿಡ, ಕಲ್ಲು, ಮರದ ಬೇರು ಜೋಡಿಸಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಇಡೀ ಬೆಟ್ಟದ ತಪ್ಪಲನ್ನೇ ಕಟ್ಟಿ ತೋರಿಸಿದವರು. ಇನ್ನೊಬ್ಬರು ಅಮೆರಿಕದ ಡಯಾನಾ ವಾಲ್‌ಸ್ಟಡ್. 1999ರಲ್ಲಿ ಬಂದ ಅವರ ಪುಸ್ತಕ, ತೋಟದ ಮಣ್ಣು, ಅದರ ಮೇಲೆ ಮರಳು, ದಟ್ಟವಾದ ಗಿಡ, ಇಷ್ಟರಲ್ಲೇ ತೊಟ್ಟಿಯ ಹೆಚ್ಚಿನ ಕೆಲಸ ನಡೆಸಬಹುದು ಅಂತ ವಾದಿಸಿತು. ಅಮಾನೊ ಅವರದ್ದು ಕಣ್ಣಿನ ದಾರಿ, ವಾಲ್‌ಸ್ಟಡ್ ಅವರದ್ದು ಪರಿಸರಶಾಸ್ತ್ರದ ದಾರಿ. ನಮ್ಮ ಮನೆಯ ತೊಟ್ಟಿ ಎರಡನೆಯದಕ್ಕೆ ಹತ್ತಿರ.

ಇಲ್ಲಿ ನಡೆಯೋದು ಸಾರಜನಕದ ಚಕ್ರ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತೆ. ಉಳಿದ ಆಹಾರ, ಕೊಳೆತ ಎಲೆಯಿಂದಲೂ ಅಮೋನಿಯಾ ಬರುತ್ತೆ. ಅದು ವಿಷ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಮತ್ತೆ ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ, ಅದು ಅಷ್ಟು ಕೆಡುಕಲ್ಲ, ಗಿಡಕ್ಕೆ ಗೊಬ್ಬರ. ಈ ಎರಡು ಹೆಜ್ಜೆಗೆ ಎರಡು ಬೇರೆ ಬೇರೆ ಗುಂಪು ಬೇಕು ಅಂತಲೇ ನೂರು ವರ್ಷಕ್ಕೂ ಹೆಚ್ಚು ಕಾಲ ಪಾಠ ಮಾಡಿದ್ದರು. 2015ರಲ್ಲಿ ಆ ಪಾಠ ತಿದ್ದಬೇಕಾಯಿತು. ಎರಡೂ ಹೆಜ್ಜೆಯನ್ನು ಒಂದೇ ಜೀವಿ ಮಾಡಬಲ್ಲದು ಅಂತ ಎರಡು ಸಂಶೋಧನಾ ತಂಡಗಳು ಒಟ್ಟಿಗೆ ತೋರಿಸಿದವು. ಅದು ನೈಟ್ರೊಸ್ಪೈರಾ ಅನ್ನೋ ಬ್ಯಾಕ್ಟೀರಿಯಾ. ಒಂದು ತಂಡಕ್ಕೆ ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಮೀನು ಸಾಕಣೆಯ ಫಿಲ್ಟರ್‌ನಲ್ಲಿ. ಇದಕ್ಕೂ ಮೊದಲು, 2011ರಲ್ಲಿ, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು ಮನೆ ಅಕ್ವೇರಿಯಂಗಳ ಫಿಲ್ಟರ್ ಪರೀಕ್ಷಿಸಿ, ಸಿಹಿನೀರಿನ ತೊಟ್ಟಿಗಳಲ್ಲಿ ಅಮೋನಿಯಾ ಉಣ್ಣೋ ಕೆಲಸದಲ್ಲಿ ಆರ್ಕಿಯಾಗಳದ್ದೇ ಮೇಲುಗೈ ಅಂತ ವರದಿ ಮಾಡಿದ್ದರು. ನಿಮ್ಮ ಫಿಲ್ಟರ್ ಸ್ಪಂಜಿನ ಮೇಲಿನ ಕಂದು ಲೋಳೆಯನ್ನು ನಲ್ಲಿ ಕೆಳಗೆ ಹಿಡಿದು ಬಿಳಿ ಆಗೋವರೆಗೆ ತೊಳೆಯಬೇಡಿ ಅಂತ ಹೇಳೋದು ಇದಕ್ಕೇ. ತೊಟ್ಟಿಯಿಂದಲೇ ತೆಗೆದ ನೀರಲ್ಲಿ ಮೆಲ್ಲಗೆ ಹಿಂಡಿದರೆ ಸಾಕು.

ಇನ್ನೊಂದು ಲೆಕ್ಕ ಹೇಳಿ ಮುಂದೆ ಹೋಗೋಣ. ಅಮೋನಿಯಾ ನೀರಲ್ಲಿ ಎರಡು ರೂಪದಲ್ಲಿರುತ್ತೆ: ಅಷ್ಟಾಗಿ ತೊಂದರೆ ಕೊಡದ ಅಮೋನಿಯಂ, ವಿಷವಾದ ಮುಕ್ತ ಅಮೋನಿಯಾ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಶೇ. 0.6. ಪಿಎಚ್ 8 ಆದರೆ ಅದು ಶೇ. 5 ದಾಟುತ್ತೆ. ಅಂದರೆ ಅದೇ ಕೊಳೆ, ಅದೇ ಮೀನು, ವಿಷ ಮಾತ್ರ ಹೆಚ್ಚುಕಡಿಮೆ 10 ಪಟ್ಟು. ಗಡಸು, ಕ್ಷಾರೀಯ ನೀರಿನ ಊರಲ್ಲಿರೋರು ಹೊಸ ತೊಟ್ಟಿಗೆ ಆತುರದಲ್ಲಿ ಮೀನು ಹಾಕಬಾರದು ಅನ್ನೋದಕ್ಕೆ ಕಾರಣ ಇದು. ಮೊದಲು ನಾಲ್ಕರಿಂದ ಆರು ವಾರ ಗಿಡ, ಫಿಲ್ಟರ್ ನಡೀಲಿ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಲಿ. ಆಮೇಲೆ ಮೀನು.

ಏಂಜೆಲ್ ತೊಟ್ಟಿಗೆ ಉದ್ದಕ್ಕಿಂತ ಎತ್ತರ ಮುಖ್ಯ. ರೆಕ್ಕೆ ಸೇರಿಸಿದರೆ ಬೆಳೆದ ಮೀನು 20 ಸೆಂಟಿಮೀಟರಿಗೂ ಎತ್ತರ ಆಗಬಹುದು, ಆದ್ದರಿಂದ ನೀರಿನ ಆಳ ಕನಿಷ್ಠ 45 ಸೆಂಟಿಮೀಟರ್ ಇರಲಿ. ಒಂದು ಜೋಡಿಗೆ 100 ಲೀಟರ್ ಮೇಲಿರಲಿ, ಆರೇಳು ಮೀನಿಗೆ 200 ದಾಟಲಿ. ಅಗಲ ಎಲೆಯ ಅಮೆಜಾನ್ ಸೋರ್ಡ್ ಗಿಡ, ಹಿಂದೆ ರಿಬ್ಬನ್‌ನಂಥ ವ್ಯಾಲಿಸ್ನೇರಿಯಾ, ನಡುವೆ ನಿಂತ ಮರದ ಬೇರು, ಮೇಲೆ ಒಂದಿಷ್ಟು ತೇಲುವ ಗಿಡ, ಮಂದ ಹರಿವು. ಇಷ್ಟಿದ್ದರೆ ಮೀನಿಗೆ ಅಡಗೋಕೆ ಜಾಗ ಸಿಗುತ್ತೆ, ಮೊಟ್ಟೆ ಇಡೋಕೆ ಎಲೆಯೂ ಸಿಗುತ್ತೆ.

ಗಂಡು ಹೆಣ್ಣು ನೋಡಿ ಮದುವೆ ಮಾಡೋಕಾಗಲ್ಲ

ಏಂಜೆಲ್‌ನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಹೊರಗಿನಿಂದ ಹೇಳೋದು ಕಷ್ಟ. ಅಂಗಡಿಯವರು "ಜೋಡಿ ಸಾರ್, ಗ್ಯಾರಂಟಿ" ಅಂದರೂ ನಂಬಬೇಡಿ. ಮೊಟ್ಟೆ ಇಡುವ ಒಂದೆರಡು ದಿನ ಮೊದಲು ಮಾತ್ರ ಹೊಟ್ಟೆಯ ಕೆಳಗೆ ಸಣ್ಣ ಕೊಳವೆ ಹೊರಬರುತ್ತೆ: ಹೆಣ್ಣಿನದ್ದು ದಪ್ಪ, ತುದಿ ಮೊಂಡು. ಗಂಡಿನದ್ದು ಸಣ್ಣ, ಚೂಪು. ಗಂಡು ಇಲ್ಲದಿದ್ದರೆ ಎರಡು ಹೆಣ್ಣು ಸೇರಿ ಜೋಡಿಯಾಗಿ, ಎರಡೂ ಮೊಟ್ಟೆ ಇಟ್ಟು, ಫಲಿಸದ ಮೊಟ್ಟೆಯನ್ನು ಕಾಯೋದೂ ಉಂಟು. ಪ್ರತಿ ಸಲ ಮೊಟ್ಟೆ ಪೂರ್ತಿ ಬೆಳ್ಳಗಾಗುತ್ತಿದೆ ಅಂದರೆ ಮೊದಲು ಇದನ್ನು ಅನುಮಾನಿಸಿ.

ಹಾಗಾಗಿ ಸರಿಯಾದ ದಾರಿ, ಆರು ಎಳೆ ಮೀನು ತಂದು ಒಟ್ಟಿಗೆ ಬೆಳೆಸೋದು. ಚಿಕ್ಕವು ಗುಂಪಲ್ಲಿರೋಕೆ ಇಷ್ಟಪಡುತ್ತವೆ. ಸ್ಪೇನ್‌ನ ಲೂಯಿಸ್ ಗೋಮೆಸ್-ಲಪ್ಲಾಸಾ ಮತ್ತು ಕೆನಡಾದ ರಾಬರ್ಟ್ ಗರ್ಲಾಯ್ ಇದನ್ನೇ ಹಿಡಿದು ಒಂದು ಚಂದದ ಪ್ರಯೋಗ ಮಾಡಿದರು, 2011ರಲ್ಲಿ ಪ್ರಕಟವಾಯಿತು. ಒಂದು ಏಂಜೆಲ್ ಮೀನಿಗೆ ಎರಡು ಬದಿಯಲ್ಲಿ ಎರಡು ಗುಂಪು ತೋರಿಸಿದರೆ ಅದು ದೊಡ್ಡ ಗುಂಪಿನ ಕಡೆ ಹೋಗುತ್ತೆ. ಒಂದು ಗುಂಪು ಇನ್ನೊಂದರ ಎರಡರಷ್ಟು ಇದ್ದರೆ ಸರಿಯಾಗಿ ಆರಿಸುತ್ತೆ. ವ್ಯತ್ಯಾಸ ಕಡಿಮೆಯಾದ ಹಾಗೆ ಗೊಂದಲಕ್ಕೆ ಬೀಳುತ್ತೆ. ಅಂದರೆ ಅದಕ್ಕೆ ಬೇಕಾಗೋದು ಖಚಿತ ಎಣಿಕೆಗಿಂತ ಅನುಪಾತ. ಸಂತೆಯಲ್ಲಿ ಕಣ್ಣಳತೆಯಲ್ಲೇ ಯಾವ ಗುಡ್ಡೆ ದೊಡ್ಡದು ಅಂತ ನಾವು ಹೇಳ್ತೀವಲ್ಲ, ಹಾಗೆ.

ಎಂಟು ಹತ್ತು ತಿಂಗಳಾದಾಗ ಗುಂಪಿನಲ್ಲಿ ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟೋಕೆ ಶುರು ಮಾಡುತ್ತವೆ. ಜೋಡಿ ಕುದುರಿತು ಅಂತ ಅರ್ಥ. ಉಳಿದ ಮೀನುಗಳಿಗೆ ಬೇರೆ ಮನೆ ನೋಡಬೇಕಾದದ್ದು ಆಗ, ಗಾಯ ಆದ ಮೇಲಲ್ಲ.

ಎಲೆ ಮೇಲೆ ಒಂದು ವಾರ

ಮೊದಲ ಲಕ್ಷಣ, ಸ್ವಚ್ಛತೆ. ಎರಡೂ ಸೇರಿ ಒಂದು ಎಲೆಯನ್ನೋ, ಫಿಲ್ಟರ್ ಪೈಪನ್ನೋ, ನಿಲ್ಲಿಸಿದ ಕಲ್ಲಿನ ಚಪ್ಪಡಿಯನ್ನೋ ಬಾಯಿಂದ ಉಜ್ಜಿ ಉಜ್ಜಿ ಪಾಚಿ ತೆಗೆಯುತ್ತವೆ. ಹಬ್ಬದ ಹಿಂದಿನ ದಿನದ ಮನೆ ಇದ್ದ ಹಾಗೆ. ಆಮೇಲೆ ಹೆಣ್ಣು ಎಲೆಗೆ ಹೊಟ್ಟೆ ತಾಗಿಸಿ ಸಾಲಾಗಿ ಮೊಟ್ಟೆ ಅಂಟಿಸುತ್ತೆ. ಹಿಂದೆಯೇ ಗಂಡು ಅದೇ ಸಾಲಿನ ಮೇಲೆ ಹೋಗಿ ಫಲಿಸುತ್ತೆ. ಒಂದೆರಡು ಗಂಟೆ ಹೀಗೇ ಸರದಿ. ಚಿಕ್ಕ ಜೋಡಿ ಆದರೆ ನೂರು ಚಿಲ್ಲರೆ, ಬಲಿತ ಜೋಡಿ ಆದರೆ ಮುನ್ನೂರು ನಾನೂರು ಮೊಟ್ಟೆ, ಸಾಸಿವೆ ಕಾಳಿಗಿಂತ ಚಿಕ್ಕವು, ಅರೆಪಾರದರ್ಶಕ.

ಬಾಣಂತನ ಅಲ್ಲಿಂದ ಶುರು. ಗಂಡು ಹೆಣ್ಣು ಪಾಳಿ ಹಾಕಿಕೊಂಡು ರೆಕ್ಕೆಯಿಂದ ಗಾಳಿ ಬೀಸಿದ ಹಾಗೆ ನೀರು ಬೀಸುತ್ತವೆ. ಮೊಟ್ಟೆಯ ಸುತ್ತ ನೀರು ನಿಂತರೆ ಒಳಗಿನ ಭ್ರೂಣಕ್ಕೆ ಆಮ್ಲಜನಕ ಸಿಗಲ್ಲ. ಸಿಕ್ಲಿಡ್ ಮೀನುಗಳಲ್ಲಿ ಈ ಬೀಸುವ ನಡವಳಿಕೆಗೆ ಪ್ರೊಲ್ಯಾಕ್ಟಿನ್ ಹಾರ್ಮೋನಿನ ಒತ್ತಾಸೆ ಇದೆ. ಹೆಸರು ಕೇಳಿದ ಹಾಗಿದೆಯಾ? ತಾಯಂದಿರಲ್ಲಿ ಎದೆಹಾಲು ಬರಿಸುವ ಹಾರ್ಮೋನ್ ಅದೇ. ಇಲ್ಲಿ ಅಪ್ಪನ ಮೈಯಲ್ಲೂ ಅದೇ ಕೆಲಸ ಮಾಡುತ್ತೆ.

ಫಲಿಸದ ಮೊಟ್ಟೆ ಒಂದು ದಿನದಲ್ಲಿ ಬೆಳ್ಳಗಾಗುತ್ತೆ, ಅದರ ಮೇಲೆ ಸ್ಯಾಪ್ರೊಲೆಗ್ನಿಯಾ ಅನ್ನೋ ಬೂಷ್ಟು ಹತ್ತಿಯ ಹಾಗೆ ಬೆಳೆದು ಪಕ್ಕದ ಒಳ್ಳೆ ಮೊಟ್ಟೆಗೂ ಹಬ್ಬುತ್ತೆ. ಅಪ್ಪ ಅಮ್ಮ ಬಿಳಿ ಮೊಟ್ಟೆಗಳನ್ನು ಒಂದೊಂದೇ ಆರಿಸಿ ತಿನ್ನುತ್ತವೆ. ಗಮನಿಸಿ, ಇದು ಮೊಟ್ಟೆ ತಿನ್ನೋದೇ, ಆದರೆ ಕ್ರೌರ್ಯ ಅಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ.

27, 28 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ದಿನಕ್ಕೆ ಮೊಟ್ಟೆ ಒಡೆಯುತ್ತೆ. ಹೊರಬಂದದ್ದು ಮೀನಿನ ತರ ಕಾಣಲ್ಲ. ತಲೆಯ ಮೇಲಿನ ಅಂಟುಗ್ರಂಥಿಯಿಂದ ಎಲೆಗೆ ನೇತಾಡುತ್ತಾ ಬಾಲ ಅಲ್ಲಾಡಿಸುವ ಎಳೆಗಳು. ಬಿದ್ದವನ್ನು ಅಪ್ಪ ಅಮ್ಮ ಬಾಯಲ್ಲಿ ಹಿಡಿದು ತಂದು ಮತ್ತೆ ಎಲೆಗೆ ಅಂಟಿಸುತ್ತವೆ. ಒಮ್ಮೊಮ್ಮೆ ಇಡೀ ಸಂಸಾರವನ್ನೇ ಬೇರೆ ಎಲೆಗೆ ಸಾಗಿಸುತ್ತವೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತೆ ಅಂತಾರಲ್ಲ, ಹಾಗೇ. ಬಾಯಲ್ಲಿ ಮರಿ ಕಂಡ ಕೂಡಲೇ "ತಿಂದುಬಿಟ್ಟಿತು" ಅಂತ ಬಲೆ ಹಿಡಿದು ಓಡಬೇಡಿ. ಒಂದು ನಿಮಿಷ ಕಾಯಿರಿ, ಉಗುಳುತ್ತೆ.

ಇನ್ನೂ ನಾಲ್ಕೈದು ದಿನ ಹೊಟ್ಟೆಯ ಹಳದಿ ಚೀಲವೇ ಆಹಾರ. ಅದು ಕರಗಿದ ದಿನ ಮರಿಗಳು ಗುಂಪಾಗಿ ಈಜುತ್ತವೆ. ಆ ದಿನದಿಂದ ಊಟ ನಿಮ್ಮ ಜವಾಬ್ದಾರಿ. ಆಗಷ್ಟೇ ಒಡೆದ ಆರ್ಟೀಮಿಯಾ ಮರಿಗಿಂತ ಒಳ್ಳೆಯದು ಇಲ್ಲ. ಇದರ ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತೆ, ಜಗತ್ತಿನ ಬಹಳಷ್ಟು ಡಬ್ಬಿಗೆ ಮೂಲ ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು, ಬಾಟಲಿಯ ತಳದಿಂದ ಗಾಳಿ, 26ರಿಂದ 28 ಡಿಗ್ರಿ ಬಿಸಿ. ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಕುಣಿಯುತ್ತಿರುತ್ತವೆ. ಸೋಸಿ, ಉಪ್ಪು ತೊಳೆದು, ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಮರಿಗಳ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಊಟ ಆಯ್ತು ಅಂತ ಲೆಕ್ಕ.

ಹಾಗಾದರೆ ಯಾಕೆ ತಿನ್ನುತ್ತವೆ?

ಈಗ ಮೂಲ ಪ್ರಶ್ನೆಗೆ ಬರೋಣ. ತನ್ನ ಮರಿ ತಾನೇ ತಿನ್ನೋದು ಅಂದರೆ ನಮಗೆ ಮೈ ಜುಮ್ ಅನ್ನುತ್ತೆ. ಆದರೆ ಬಾಣಂತನ ಮಾಡುವ ಮೀನುಗಳಲ್ಲೇ ಇದು ಬಹಳ ಸಾಮಾನ್ಯ. 1978ರಲ್ಲಿ ಸೀವರ್ಟ್ ರೋವರ್ ಎಂಬ ಜೀವಶಾಸ್ತ್ರಜ್ಞ ಒಂದು ವಾದ ಮುಂದಿಟ್ಟರು: ಇದು ಯಾವಾಗಲೂ ರೋಗ ಅಥವಾ ಎಡವಟ್ಟು ಅಲ್ಲ, ಲೆಕ್ಕಾಚಾರವೂ ಆಗಿರಬಹುದು. ಕಾಯೋದಕ್ಕೆ ಶಕ್ತಿ ಬೇಕು. ಕಾಯುವಾಗ ಸರಿಯಾಗಿ ಊಟ ಇಲ್ಲ. ಈ ಸಲದ ಮೊಟ್ಟೆ ಉಳಿಯುವ ಸಾಧ್ಯತೆ ಕಡಿಮೆ ಇದ್ದರೆ, ಅದನ್ನು ತಿಂದು ಮೈ ಸುಧಾರಿಸಿಕೊಂಡು ಮುಂದಿನ ಸಲಕ್ಕೆ ಅಣಿಯಾಗೋದು ಒಟ್ಟು ಆಯಸ್ಸಿನ ಲೆಕ್ಕದಲ್ಲಿ ಲಾಭ. ಏಂಜೆಲ್ ಜೋಡಿಗೆ ಚೆನ್ನಾಗಿ ಊಟ ಸಿಕ್ಕರೆ, ಕಳೆದುಕೊಂಡ ಮೊಟ್ಟೆಯ ಬದಲಿಗೆ ಎರಡು ವಾರದೊಳಗೆ ಮತ್ತೆ ಇಡಬಲ್ಲದು. ಮುಂದಿನ ಅವಕಾಶ ಅಷ್ಟು ಹತ್ತಿರ ಇರುವಾಗ, ಈ ಸಲದ್ದನ್ನು ಕೈಬಿಡೋದು ಸುಲಭ.

ಹಾಗಾದರೆ ಮೀನಿಗೆ "ಈ ಸಲ ಉಳಿಯಲ್ಲ" ಅಂತ ಅನ್ನಿಸೋದು ಯಾವಾಗ? ಪಕ್ಕದಲ್ಲೇ ಮೊಟ್ಟೆಗೆ ಕಾದು ನಿಂತ ಬೇರೆ ಮೀನುಗಳಿದ್ದಾಗ. ಗಾಜಿನ ಹೊರಗೆ ಜನ ಓಡಾಡುತ್ತಿದ್ದಾಗ. ರಾತ್ರಿ ದೀಪ ತಟ್ಟನೆ ಆರಿ, ದಿಕ್ಕು ತಪ್ಪಿದಾಗ. ಅರ್ಧಕ್ಕರ್ಧ ಮೊಟ್ಟೆ ಬೆಳ್ಳಗಾಗಿ ಉಳಿದದ್ದು ಬೆರಳೆಣಿಕೆ ಆದಾಗ. ಜೊತೆಗೆ ಹೊಸ ಜೋಡಿಗಳು ಮೊದಲ ಕೆಲವು ಸಲ ತಿನ್ನೋದು ಮಾಮೂಲು, ನಾಲ್ಕೈದನೇ ಸಲಕ್ಕೆ ಹದಕ್ಕೆ ಬರುವ ಜೋಡಿಗಳು ಬಹಳ.

ಇನ್ನೊಂದು ಕಾರಣ ನಾವು ಮನುಷ್ಯರೇ. ಊರಲ್ಲಿ ನಾಟಿ ಕೋಳಿ ಸಾಕಿದವರಿಗೆ ಗೊತ್ತು, ಅದು ತಾನೇ ಕಾವಿಗೆ ಕೂರುತ್ತೆ, ಹತ್ತಿರ ಹೋದರೆ ಕುಕ್ಕುತ್ತೆ. ಫಾರಂನ ಮೊಟ್ಟೆ ಕೋಳಿ ಕೂರಲ್ಲ. ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತೆ ಅಂತ ಆ ಗುಣವನ್ನೇ ತಲೆಮಾರುಗಳ ಆಯ್ಕೆಯಲ್ಲಿ ತೆಗೆದುಹಾಕಿದ್ದೇವೆ. ಇನ್‌ಕ್ಯುಬೇಟರ್ ಇದೆ, ತಾಯಿ ಬೇಡ. ಏಂಜೆಲ್ ಫಾರಂಗಳಲ್ಲೂ ಹೆಚ್ಚಾಗಿ ಮೊಟ್ಟೆ ಇಟ್ಟ ಚಪ್ಪಡಿಯನ್ನೇ ಎತ್ತಿ ಬೇರೆ ಪಾತ್ರೆಗೆ ಹಾಕಿ, ಮೆಥಿಲೀನ್ ಬ್ಲೂ ಬೆರೆಸಿ, ಗಾಳಿ ಬಿಟ್ಟು ಮರಿ ಮಾಡುತ್ತಾರೆ. ಇಲ್ಲಿ ಯಾರೂ ಬೇಕಂತ ಕೆಟ್ಟ ತಂದೆತಾಯಿಯನ್ನು ಆರಿಸಿಲ್ಲ. ಆದರೆ ಒಳ್ಳೆ ತಂದೆತಾಯಿಗೆ ಯಾವ ಬಹುಮಾನವೂ ಇಲ್ಲ. ತಿನ್ನುವ ಜೋಡಿಯ ಮರಿಯೂ ಉಳಿಯುತ್ತೆ, ಕಾಯುವ ಜೋಡಿಯ ಮರಿಯೂ ಉಳಿಯುತ್ತೆ. ವಿಕಾಸದ ಭಾಷೆಯಲ್ಲಿ ಇದನ್ನು ಸಡಿಲಗೊಂಡ ಆಯ್ಕೆ ಅನ್ನುತ್ತೇವೆ. ಬಳಸದ ದಾರಿಯಲ್ಲಿ ಹುಲ್ಲು ಬೆಳೆಯುವ ಹಾಗೆ ಗುಣ ಮಸುಕಾಗುತ್ತೆ.

ಅದಕ್ಕೇ ಮೊಟ್ಟೆ ತೆಗೆಯಬೇಕಾ ಬಿಡಬೇಕಾ ಅನ್ನೋದು ಬರೀ ಅನುಕೂಲದ ಪ್ರಶ್ನೆ ಅಲ್ಲ ಅಂತ ನಮಗೆ ಅನ್ನಿಸುತ್ತೆ.

ನಮ್ಮ ತೊಟ್ಟಿಯಲ್ಲಿ

ನಮ್ಮದು 240 ಲೀಟರಿನ ತೊಟ್ಟಿ. ಅದರ ಜೋಡಿ ಮೊದಲ ಎರಡು ಸಲ ಮೊಟ್ಟೆಯನ್ನು ಎರಡನೇ ರಾತ್ರಿಯೇ ಮುಗಿಸಿತು. ಮೂರನೇ ಸಲಕ್ಕೆ ಉಳಿದ ನಾಲ್ಕು ಏಂಜೆಲ್‌ಗಳು ಬೇರೆ ಮನೆಗೆ ಹೋಗಿದ್ದವು. ಓಡಾಡುವ ಕಡೆಯ ಗಾಜಿಗೆ ಕಂದು ಕಾಗದ ಅಂಟಿಸಿದೆವು, ರಾತ್ರಿ ಕೋಣೆಯಲ್ಲಿ ಒಂದು ಮಂದ ದೀಪ ಉಳಿಸಿದೆವು, ನೀರಿಗೆ ಅರ್ಧದಷ್ಟು ಆರ್‌ಒ ನೀರು ಬೆರೆಸುತ್ತಾ ಬಂದಿದ್ದೆವು.

ಮೊಟ್ಟೆ ಇಟ್ಟ ಮಾರನೇ ಸಂಜೆ ಎಲೆಯ ಕೆಳಗಿನ ಅಂಚಲ್ಲಿ ಬಿಳಿ ಚುಕ್ಕೆ ಕಾಣಿಸಿಕೊಂಡವು. ಎಲೆ ಕತ್ತರಿಸಿ, ಮೆಥಿಲೀನ್ ಬ್ಲೂ ಡಬ್ಬಿಗೆ ಹಾಕಿದರೆ ನೂರಾರು ಮರಿ ಖಂಡಿತ. ಬಿಟ್ಟರೆ ಒಂದೂ ಉಳಿಯದೇ ಇರಬಹುದು. ಕತ್ತರಿ ಕೈಯಲ್ಲಿತ್ತು. ಗಂಡು ಮೀನು ಎಲೆಗೂ ನಮ್ಮ ಮುಖಕ್ಕೂ ನಡುವೆ ಬಂದು, ರೆಕ್ಕೆ ಪೂರ್ತಿ ಅಗಲಿಸಿ ನಿಂತಿತು. ಗಾಜಿಗೆ ಮೂತಿಯಿಂದ ಹೊಡೆಯಿತು. ಬಿಟ್ಟುಬಿಡೋಣ ಅಂದುಕೊಂಡೆವು.

ಮಾರನೇ ಬೆಳಗ್ಗೆ ಬಿಳಿ ಮೊಟ್ಟೆ ಒಂದೂ ಇರಲಿಲ್ಲ, ಸಾಲುಗಳ ನಡುವೆ ಖಾಲಿ ಜಾಗ, ಉಳಿದವು ಹಾಗೇ. ಮೂರನೇ ದಿನ ಎಲೆ ಪೂರ್ತಿ ಮಿಡುಕುತ್ತಿತ್ತು. ಎಂಟನೇ ದಿನ ಒಂದು ಮೋಡದ ಹಾಗೆ ಮರಿಗಳು ಎದ್ದು ಈಜಿದವು. ಸಂಜೆ ದೀಪ ಮಂದವಾಗುತ್ತಿದ್ದ ಹಾಗೆ ಅಪ್ಪ ಅಮ್ಮ ಅವನ್ನು ಬಾಯಲ್ಲಿ ಹೆಕ್ಕಿ ಹೆಕ್ಕಿ ಮತ್ತೆ ಅದೇ ಎಲೆಗೆ ಸೇರಿಸುತ್ತಿದ್ದವು. ಮೊಟ್ಟೆ ಎಷ್ಟೋ ಇದ್ದವು, ಐದು ರೂಪಾಯಿ ನಾಣ್ಯದಷ್ಟಾಗುವ ಹೊತ್ತಿಗೆ ಉಳಿದದ್ದು 40. ಡಬ್ಬಿಯಲ್ಲಾದರೆ ಇದರ ನಾಲ್ಕೈದು ಪಟ್ಟು ಉಳಿಯುತ್ತಿತ್ತು. ಆದರೆ ಈ 40 ಅಪ್ಪ ಅಮ್ಮನ ಕಾವಲಲ್ಲಿ ಬೆಳೆದವು. 40 ಮೀನಿಗೆ ಮನೆ ಹುಡುಕಬಹುದು. 200ಕ್ಕೆ ಹುಡುಕೋದು ಹೇಗೆ?

ಹೆಚ್ಚು ಮರಿ ಬೇಕಿದ್ದು, ಅಪರೂಪದ ತಳಿ ಉಳಿಸಬೇಕಿದ್ದರೆ ಮೊಟ್ಟೆ ತೆಗೆದು ಬೆಳೆಸೋದು ತಪ್ಪಲ್ಲ. ಹೊಸಬರಿಗೆ ನಮ್ಮ ಸಲಹೆ: ನಾಲ್ಕೈದು ಅವಕಾಶ ಅವಕ್ಕೇ ಕೊಡಿ.

ಬಣ್ಣದ ಲೆಕ್ಕ ಒಂದೇ ಒಂದು

ತಳಿಗಳ ಬಗ್ಗೆ ಚುಟುಕಾಗಿ. ಅಮೆರಿಕದ ಜೋಆನ್ ನಾರ್ಟನ್ 1980ರ ದಶಕದಿಂದ ಏಂಜೆಲ್ ಬಣ್ಣಗಳ ಅನುವಂಶೀಯತೆಯನ್ನು ಒಂದೊಂದಾಗಿ ಬಿಡಿಸಿ ಬರೆದರು. ಕಪ್ಪು ಬಣ್ಣದ ವಂಶವಾಹಿ ಒಂದು ಪ್ರತಿ ಇದ್ದರೆ ಮೀನು ಬ್ಲ್ಯಾಕ್ ಲೇಸ್, ಎರಡಿದ್ದರೆ ಪೂರ್ತಿ ಕಪ್ಪು. ಎರಡು ಬ್ಲ್ಯಾಕ್ ಲೇಸ್ ಸೇರಿಸಿದರೆ ಮರಿಗಳಲ್ಲಿ ಕಾಲು ಭಾಗ ಸಾದಾ ಬೆಳ್ಳಿ, ಅರ್ಧ ಬ್ಲ್ಯಾಕ್ ಲೇಸ್, ಕಾಲು ಭಾಗ ಕಪ್ಪು. ಪಿಯುಸಿಯಲ್ಲಿ ಓದಿದ ಮೆಂಡಲನ ಬಟಾಣಿ ನಿಮ್ಮ ಹಾಲ್‌ನಲ್ಲೇ ಈಜುತ್ತೆ. ಆದರೆ ಎರಡು ಪ್ರತಿ ಇರುವ ಕಪ್ಪು ಮರಿಗಳು ಎಳೆಯದರಲ್ಲಿ ಬಲಹೀನ, ಹೆಚ್ಚು ಸಾಯುತ್ತವೆ. ಎಣಿಕೆ ತಾಳೆಯಾಗಲಿಲ್ಲ ಅಂದರೆ ಮೆಂಡಲನನ್ನು ಬೈಯಬೇಡಿ, ಸತ್ತವರನ್ನು ಲೆಕ್ಕಕ್ಕೆ ತಗೊಳ್ಳಿ.

ಮರಿಗಳು ಕೆರೆಗೆ ಹೋಗಬಾರದು

ಹೆಚ್ಚಾದ ಮರಿಗಳನ್ನು ಅಂಗಡಿಗೆ ಕೊಡಿ, ಗೆಳೆಯರಿಗೆ ಕೊಡಿ, ಇಲ್ಲವೇ ಮುಂದಿನ ಮೊಟ್ಟೆಗಳನ್ನು ಬೆಳೆಸಬೇಡಿ. ಆದರೆ ಪಾಪ ಅಂತ ಕೆರೆಗೆ ಬಿಡಬೇಡಿ, ಯಾವ ದೇಶದಲ್ಲೂ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಅಕ್ವೇರಿಯಂಗಳಿಂದ ತಪ್ಪಿಸಿಕೊಂಡು ಇವತ್ತು ಭಾರತದ ಹಲವು ಕೆರೆ ನದಿಗಳಲ್ಲಿ ಬೀಡುಬಿಟ್ಟಿದೆ. ನಮ್ಮ ಕೆರೆಗಳನ್ನು ಹಸಿರು ಚಾಪೆಯ ಹಾಗೆ ಮುಚ್ಚುವ, ನೇರಳೆ ಹೂವಿನ ವಾಟರ್ ಹಯಸಿಂತ್ ಕೂಡ ಅಮೆಜಾನಿನ ಗಿಡವೇ, ಅಂದಕ್ಕೆ ಅಂತ ತಂದದ್ದು. ತೊಟ್ಟಿಯ ಗಿಡ ಕತ್ತರಿಸಿದಾಗ ಚರಂಡಿಗೆ ಎಸೆಯದೆ ಒಣಗಿಸಿ ಕಸಕ್ಕೆ ಹಾಕಿ.

ಈಗ ನೇತ್ರಾವತಿಗೆ. ಏಂಜೆಲ್ ಸೇರಿರೋ ಸಿಕ್ಲಿಡ್ ಕುಟುಂಬಕ್ಕೆ ಭಾರತದಲ್ಲಿ ಮೂರೇ ಮೂರು ಸ್ವಂತ ಪ್ರಭೇದ. ಒಂದು ಕರಿಮೀನ್, ಕೇರಳದ ರಾಜ್ಯ ಮೀನು. ಎರಡನೆಯದು ಕಿತ್ತಳೆ ಬಣ್ಣದ ಆರೆಂಜ್ ಕ್ರೋಮೈಡ್. ಮೂರನೆಯದು 1877ರಲ್ಲಿ ಫ್ರಾನ್ಸಿಸ್ ಡೇ ವಿವರಿಸಿದ ಎಟ್ರೊಪ್ಲಸ್ ಕೆನರೆನ್ಸಿಸ್, ಹೆಸರಲ್ಲೇ ನಮ್ಮ ಕೆನರಾ ಇದೆ. ನೇತ್ರಾವತಿ, ಕುಮಾರಧಾರೆಯ ಕಡೆಯ ಸಿಹಿನೀರಲ್ಲಿ ಬದುಕುವ, ಅಳಿವಿನಂಚಿನ ಪಟ್ಟಿಯಲ್ಲಿರುವ ಮೀನು. ಇದರ ಒಡಹುಟ್ಟಿನಂಥ ಕರಿಮೀನೂ, ಆರೆಂಜ್ ಕ್ರೋಮೈಡೂ ಮೊಟ್ಟೆಯನ್ನು ಗಂಡು ಹೆಣ್ಣು ಸೇರಿ ಕಾಯುತ್ತವೆ. ಆರೆಂಜ್ ಕ್ರೋಮೈಡ್ ಮರಿಗಳಂತೂ ಅಪ್ಪ ಅಮ್ಮನ ಮೈಯ ಲೋಳೆಯನ್ನೇ ಮೇಯುತ್ತವೆ. ಅಮೆಜಾನಿನಲ್ಲಿ ನಡೆಯುವ ಬಾಣಂತನಕ್ಕೆ ನಮ್ಮ ಹೊಳೆಯಲ್ಲೂ ನಂಟರಿದ್ದಾರೆ.

ಮರಳು ತೆಗೆಯೋದು, ವಿಷ ಸಿಡಿಮದ್ದು ಹಾಕಿ ಮೀನು ಹಿಡಿಯೋದು, ಪಶ್ಚಿಮ ಘಟ್ಟದ ನದಿಮೀನುಗಳಿಗೆಲ್ಲ ಇರುವ ಕಂಟಕ. ಎಲೆಯೋ ಕಲ್ಲೋ ಮೊಟ್ಟೆಗೆ ತಾವಾಗಬೇಕಾದರೆ ನದಿಯ ತಳ ಇರಬೇಕಲ್ಲ? ಶಿಶಿಲ, ಶೃಂಗೇರಿಯಲ್ಲಿ ದೇವರ ಮೀನು ಅಂತ ದೊಡ್ಡ ಮೀನುಗಳನ್ನು ಕಾಯ್ದುಕೊಂಡು ಬಂದವರು ನಾವು. ಅಂಗೈಯಗಲದ ಈ ಮೀನಿಗೂ ಅಷ್ಟು ಮರ್ಯಾದೆ ಸಿಗಲಿ. ಅಲಂಕಾರಕ್ಕೆ ಅಂತ ನದಿಯಿಂದ ಹಿಡಿದು ತಂದದ್ದನ್ನು ಎಲ್ಲಿದ್ದರೂ ಕೊಳ್ಳಬೇಡಿ. ಸಾಕಣೆಯಲ್ಲಿ ಹುಟ್ಟಿದ್ದಾ ಅಂತ ಕೇಳಿ ತಿಳಿದುಕೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮ ಜೋಡಿ ಈ ಸಲ ಮೊಟ್ಟೆ ಇಟ್ಟರೆ ಗಾಜಿಗೊಂದು ಕಾಗದ ಅಂಟಿಸಿ, ರಾತ್ರಿ ಸಣ್ಣ ದೀಪ ಇಡಿ, ಆರ್ಟೀಮಿಯಾ ಬಾಟಲಿ ನಾಲ್ಕನೇ ದಿನವೇ ಸಿದ್ಧ ಮಾಡಿಕೊಳ್ಳಿ. ಏನಾಯ್ತು ಅಂತ ನಮಗೆ ಬರೆದು ತಿಳಿಸಿ, ತಿಂದುಹಾಕಿದರೂ ತಿಳಿಸಿ.